ಜಡ್ಡಿಯ ಮರ, ತೆಂಗಿನ ನುಸಿ

1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯ ತೆಂಗಿನ ತೋಟದಲ್ಲಿ ಒಂದು ಹೊಸ ಜೀವಿ ಭಾರತದ ದಾಖಲೆಗೆ ಸೇರಿತು. ಎರಡು ವರ್ಷ ಕಳೆದು, 2000ದಲ್ಲಿ, ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಮರವೊಂದು ಇಡೀ ಜಗತ್ತಿಗೇ ಹೊಸ ಪ್ರಭೇದವೆಂದು ಪ್ರಕಟವಾಯಿತು. ಮೊದಲನೆಯದು ತೆಂಗಿನ ನುಸಿ, ಅಸೆರಿಯ ಗೆರೆರೊನಿಸ್. ಎರಡನೆಯದು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ನುಸಿಯ ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬಂತು, ವಿಧಾನಸಭೆಯಲ್ಲಿ ಚರ್ಚೆಯಾಯಿತು, ಬೀದಿಗಿಳಿಯಿತು. ಮರದ ಸುದ್ದಿ ಅರಣ್ಯ ವಿಜ್ಞಾನದ ಒಂದು ನಿಯತಕಾಲಿಕದ ಐದು ಪುಟದಲ್ಲಿ ಮುಗಿಯಿತು.

ಇವೆರಡನ್ನು ಒಟ್ಟಿಗೆ ಇಟ್ಟು ನೋಡುವುದರಲ್ಲಿ ಏನು ಅರ್ಥ ಎಂದು ಯಾರಾದರೂ ಕೇಳಿಯಾರು. ಒಂದು ಕಾಡಿನ ಎತ್ತರದ ಮರ, ಇನ್ನೊಂದು ಮಿಲಿಮೀಟರಿನ ಕಾಲುಭಾಗದಷ್ಟೂ ಇಲ್ಲದ ಹುಳು. ಒಂದನ್ನು ಉಳಿಸಿ ಎನ್ನುತ್ತೇವೆ, ಇನ್ನೊಂದನ್ನು ಅಳಿಸಿ ಎನ್ನುತ್ತೇವೆ. ಆದರೆ ಅಳಿಯುವುದು ಮತ್ತು ಹಬ್ಬುವುದು ಹೇಗೆ ಎಂಬ ಪ್ರಶ್ನೆಗೆ ಈ ಜೋಡಿಯಷ್ಟು ಒಳ್ಳೆಯ ಉದಾಹರಣೆ ನಮ್ಮ ನಾಡಿನಲ್ಲಿ ಬೇರೆ ಸಿಗಲಾರದು. ಎರಡೂ ಗಿಡಗಳ ಲೋಕಕ್ಕೆ ಸೇರಿದವು, ಎರಡೂ ತೀರಾ ಇಕ್ಕಟ್ಟಾದ ಜಾಗದಲ್ಲಿ ಬದುಕುವಂಥವು. ಎರಡರ ಹಣೆಬರಹ ಬರೆದದ್ದೂ ನಾವು ನೆಲ ಬಳಸಿದ ರೀತಿಯೇ.

ಕತ್ತಲೆಕಾನಿನ ಕೆಸರಿನಲ್ಲಿ

ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತಿ ಜೋಗದ ಕಡೆ ಹೊರಟರೆ ಮಲೆಮನೆಯ ಆಸುಪಾಸಿನಲ್ಲಿ ಕತ್ತಲೆಕಾನು ಸಿಗುತ್ತದೆ. ರಸ್ತೆಯಲ್ಲಿ ಹೋಗುವವರಿಗೆ ಅದು ಘಟ್ಟದ ಇನ್ನೊಂದು ಹಸಿರು ಗೋಡೆ, ಅಷ್ಟೆ. ಒಳಗಿಳಿದರೆ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಹಳ್ಳ ಓಡುವುದನ್ನು ಬಿಟ್ಟು ಹರಡಿಕೊಳ್ಳುವ ಜಾಗಗಳಿವೆ. ಇವನ್ನು ಊರಿನವರು ಜಡ್ಡಿ ಎನ್ನುತ್ತಾರೆ. ರಾಮಪತ್ರೆಯ ಜಾತಿಯ ಮರಗಳು ತುಂಬಿರುವುದರಿಂದ ರಾಮಪತ್ರೆ ಜಡ್ಡಿ. ಬೇಸಿಗೆಯಲ್ಲೂ ಇಲ್ಲಿ ನೀರು ಜಿನುಗುತ್ತಲೇ ಇರುತ್ತದೆ. ಕಾಲಿಟ್ಟರೆ ಕೊಳೆತ ತರಗೆಲೆ ಬೆರೆತ ಕಪ್ಪು ಕೆಸರು ಹಿಮ್ಮಡಿಯನ್ನು ನುಂಗುತ್ತದೆ. ಹೆಜ್ಜೆ ಎತ್ತಿದರೆ ಬೇರು ತಡೆಯುತ್ತದೆ.

ಆ ಬೇರುಗಳನ್ನು ನೋಡುವುದಕ್ಕೇ ಜಡ್ಡಿಗೆ ಹೋಗಬೇಕು. ಕೆಸರಿನಿಂದ ಮೇಲೆದ್ದು, ಮಡಚಿದ ಮೊಣಕಾಲಿನ ಹಾಗೆ ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತವೆ. ಇವು ಜಿಮ್ನಕ್ರಾಂಥೆರ ಕೆನರಿಕ ಎಂಬ ಮರದ ಬೇರುಗಳು. ಪಕ್ಕದಲ್ಲಿ ಮಿರಿಸ್ಟಿಕ ಮ್ಯಾಗ್ನಿಫಿಕ ತನ್ನ ಕಾಂಡದಿಂದಲೇ ಊರುಗೋಲಿನಂಥ ಬೇರುಗಳನ್ನು ನಾಲ್ಕು ದಿಕ್ಕಿಗೂ ಇಳಿಬಿಟ್ಟಿರುತ್ತದೆ. ನೀರು ಕಟ್ಟಿದ ಮಣ್ಣಿನಲ್ಲಿ ಆಮ್ಲಜನಕವಿಲ್ಲ. ಉಸಿರಾಡಬೇಕಾದರೆ ಬೇರು ಮಣ್ಣಿನಿಂದ ಹೊರಗೆ ಬರಲೇಬೇಕು. ಕೋಟ್ಯಂತರ ವರ್ಷಗಳ ಹಿಂದಿನ ವಂಶದ ಈ ಮರಗಳು ಕೆಸರಿನಲ್ಲಿ ನಿಲ್ಲಲು ಕಂಡುಕೊಂಡ ಉಪಾಯ ಅದು.

ಈ ಬಗೆಯ ಕಾಡು ಭಾರತದಲ್ಲಿದೆ ಎಂಬುದು ವಿಜ್ಞಾನಿಗಳಿಗೆ ತಿಳಿದದ್ದೇ 1960ರಲ್ಲಿ, ತಿರುವಾಂಕೂರು ಸೀಮೆಯಲ್ಲಿ. ಕೇರಳದ ಕುಳತ್ತೂಪುಳ, ಅಂಚಲ್ ಸುತ್ತಮುತ್ತ ಒಂದಷ್ಟು, ಗೋವಾದ ಸತ್ತರಿಯಲ್ಲಿ ಒಂದು ದೇವರಕಾಡು, ನಮ್ಮಲ್ಲಿ ಉತ್ತರ ಕನ್ನಡದ ಕೆಲವು ತಗ್ಗುಗಳು. ಉತ್ತರ ಕನ್ನಡದ ಜಡ್ಡಿಗಳನ್ನು ಹೊರಗಿನ ಲೋಕಕ್ಕೆ ಪರಿಚಯಿಸಿದವರು ಕುಮಟಾದಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಎಂ.ಡಿ. ಸುಭಾಷ್‌ಚಂದ್ರನ್. ಅವರ ತಂಡ 2008ರಲ್ಲಿ ಇನ್ನೊಂದು ಅಚ್ಚರಿ ಹೇಳಿತು: ಕೇರಳದ ದಕ್ಷಿಣದಲ್ಲಿ ಮಾತ್ರ ಉಳಿದಿವೆ ಎಂದುಕೊಂಡಿದ್ದ ಮಧುಕ ಬೌರ್ಡಿಲ್ಲೋನಿ, ಸಿಜಿಜಿಯಂ ತ್ರಾವಂಕೋರಿಕಂ ಎಂಬ ಎರಡು ಅಪರೂಪದ ಮರಗಳು ಇಷ್ಟು ದೂರ ಬಡಗಲಿನ ಸಿದ್ದಾಪುರದ ಕಾಡುಗಳಲ್ಲೂ ಇವೆ. ಇಟ್ಟ ಮೊಟ್ಟೆಗೆ ಕೈಯಾರೆ ಕೆಸರು ಮೆತ್ತುವ ಕುಂಬಾರ ಕಪ್ಪೆ 2014ರಲ್ಲಿ ಹೊಸ ಪ್ರಭೇದವೆಂದು ಹೆಸರು ಪಡೆದದ್ದೂ ಇದೇ ಕತ್ತಲೆಕಾನಿನಿಂದ. ಒಂದು ಸಣ್ಣ ಕಾನಿನೊಳಗೆ ಇಷ್ಟೊಂದು ಜೀವಿಗಳು ಬೇರೆಲ್ಲೂ ಜಾಗ ಸಿಗದೆ ಕೂಡಿಕೊಂಡಿವೆ ಎಂದೇ ನನಗೆ ಅನ್ನಿಸುವುದು.

ದಾಸಪ್ಪ ಮತ್ತು ಎಂ.ಎಚ್. ಸ್ವಾಮಿನಾಥ್ ಹೆಸರಿಟ್ಟ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಗೇರಿನ ಕುಟುಂಬಕ್ಕೆ ಸೇರಿದ್ದು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕೇರುಬೀಜದ ಮರಕ್ಕೆ ಹತ್ತಿರದ ನೆಂಟ. ಈ ಬಳಗದ ಸೊನೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಮಲೆನಾಡಿನ ಮಕ್ಕಳು ಇಂಥ ಮರಗಳಿಂದ ದೂರ ನಿಲ್ಲುವುದನ್ನು ಚಿಕ್ಕಂದಿನಲ್ಲೇ ಕಲಿಯುತ್ತಾರೆ. ಬೆಳೆದ ಮರಗಳ ಲೆಕ್ಕ ನೂರುಗಳಲ್ಲಿ ಮುಗಿಯುತ್ತದೆ, ಸಾವಿರ ಮುಟ್ಟುವುದಿಲ್ಲ. ಅದೂ ಒಂದೇ ಕಡೆ ಇಲ್ಲ. ಈ ಜಡ್ಡಿಯಲ್ಲಿ ಕೆಲವು, ಗುಡ್ಡದಾಚೆಯ ಆ ಜಡ್ಡಿಯಲ್ಲಿ ಕೆಲವು. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೆಣ್ಣು ಮರ ಕಾಯಿ ಕಚ್ಚಬೇಕಾದರೆ ಸಮೀಪದಲ್ಲಿ ಗಂಡು ಇರಬೇಕು, ಅದೇ ಹೊತ್ತಿಗೆ ಹೂ ಬಿಡಬೇಕು, ನಡುವೆ ಓಡಾಡುವ ಕೀಟ ಇರಬೇಕು. ಇಷ್ಟೂ ಕೂಡಿಬಂದು ಬೀಜ ಬಿದ್ದರೂ ತೊಂದರೆ ತಪ್ಪಿದ್ದಲ್ಲ. ಜಡ್ಡಿಯ ಮರಗಳ ಬೀಜ ರಾಗಿ ಭತ್ತದಂತೆ ಒಣಗಿಸಿ ಕಣಜಕ್ಕೆ ತುಂಬುವಂಥದ್ದಲ್ಲ. ಒಣಗಿದರೆ ಸತ್ತಿತು. ಒದ್ದೆ ನೆಲಕ್ಕೇ ಬಿದ್ದು ಅಲ್ಲೇ ಬೇಗ ಮೊಳೆಯಬೇಕು. ಹಾಗಾಗಿ ಯಾವ ಬೀಜ ಬ್ಯಾಂಕೂ ಇದಕ್ಕೆ ಆಸರೆಯಾಗದು.

ಈ ಮರವನ್ನು ಯಾರೂ ಕೊಡಲಿ ಹಿಡಿದು ಹುಡುಕಿಕೊಂಡು ಹೋಗಿ ಕಡಿದದ್ದಲ್ಲ. ನೀರು ನಿಲ್ಲುವ ಸಪಾಟಾದ ತಗ್ಗು ಎಂದರೆ ಅಡಿಕೆ ತೋಟಕ್ಕೂ ಗದ್ದೆಗೂ ಹೇಳಿ ಮಾಡಿಸಿದ ಜಾಗ. ನಮ್ಮ ಹಿರಿಯರು ಬಸಿಗಾಲುವೆ ತೋಡಿದರು, ನೀರು ಇಳಿಯಿತು, ಮಣ್ಣು ಏರಿಸಿದರು, ಸಸಿ ನೆಟ್ಟರು. ಘಟ್ಟದ ಎಷ್ಟೋ ಒಳ್ಳೆಯ ತೋಟಗಳ ಕೆಳಗೆ ಹಳೆಯ ಜಡ್ಡಿಯೊಂದು ಮಲಗಿರಲೂಬಹುದು. ಇದರಲ್ಲಿ ಅವರನ್ನು ದೂರುವುದಕ್ಕೆ ಏನೂ ಇಲ್ಲ, ಹೊಟ್ಟೆಪಾಡು. ದೂರಬೇಕಾದರೆ ಈಗ, ಎಲ್ಲ ಗೊತ್ತಿದ್ದೂ, ರಸ್ತೆ ಅಗಲ ಮಾಡುವಾಗ ಹಳ್ಳದ ದಿಕ್ಕು ತಿರುಗಿಸುವವರನ್ನು ದೂರಬೇಕು.

ತೊಟ್ಟಿನ ಕೆಳಗಿನ ಸಂಸಾರ

ಈಗ ನುಸಿಯ ಕಡೆ ಬರೋಣ. ಎರಡು ಮೂರು ತಿಂಗಳ ತೆಂಗಿನ ಹರಳೊಂದನ್ನು ಕಿತ್ತು, ತೊಟ್ಟಿಗೆ ಅಂಟಿರುವ ಎಲೆಗಳನ್ನು ಉಗುರಿನಿಂದ ಒಂದೊಂದಾಗಿ ಎಬ್ಬಿಸಿ ನೋಡಿ. ಒಳಗಿನ ಭಾಗ ಬಿಸಿಲು ಕಂಡಿರುವುದಿಲ್ಲ, ಹಾಲುಬಿಳುಪಾಗಿ ಮೆದುವಾಗಿರುತ್ತದೆ. ನುಸಿ ಬಿದ್ದ ಹರಳಾದರೆ ಅಲ್ಲಿ ಹಿಟ್ಟು ಉದುರಿಸಿದಂಥ ಮಸುಕು ಕಾಣುತ್ತದೆ. ಭೂತಗನ್ನಡಿ ಹಿಡಿದರೆ ಆ ಹಿಟ್ಟು ನಿಧಾನವಾಗಿ ಚಲಿಸುತ್ತಿರುತ್ತದೆ. ಒಂದೊಂದು ಕಣವೂ ಒಂದು ನುಸಿ. ಒಂದೇ ಕಾಯಿಯಲ್ಲಿ ಸಾವಿರಗಟ್ಟಲೆ.

ನುಸಿ ಕೀಟವಲ್ಲ, ಜೇಡ ಮತ್ತು ಉಣ್ಣೆಯ ಬಳಗದ್ದು. ಆ ಬಳಗಕ್ಕೆ ಎಂಟು ಕಾಲು ಇರಬೇಕು. ಇದಕ್ಕೆ ನಾಲ್ಕೇ. ಉದ್ದನೆಯ ಹುಳದಂಥ ಮೈ, ಮುಂದುಗಡೆ ನಾಲ್ಕು ಕಾಲು. ಉಸಿರಾಟಕ್ಕೆ ಪ್ರತ್ಯೇಕ ನಾಳಗಳೂ ಇಲ್ಲ, ತೊಗಲಿನಿಂದಲೇ ಆಗಬೇಕು. ಬಾಯಿಯ ಸೂಜಿ ಎಷ್ಟು ಗಿಡ್ಡ ಎಂದರೆ ಬಲಿತ ಕಾಯಿಯ ಸಿಪ್ಪೆಗೆ ಅದು ಇಳಿಯದು. ತೊಟ್ಟಿನ ಕೆಳಗಿನ ಆ ಎಳೆಯ ಪಟ್ಟಿಯಷ್ಟೇ ಅದರ ಲೋಕ. ಅಲ್ಲಿ ರಸ ಹೀರಿದ ಜಾಗ ಮೊದಲು ಹಳದಿ ತ್ರಿಕೋನವಾಗಿ ತೊಟ್ಟಿನಿಂದ ಹೊರಗೆ ಇಣುಕುತ್ತದೆ. ಕಾಯಿ ಹಿಗ್ಗಿದಂತೆ ಆ ಗಾಯವೂ ಹಿಗ್ಗಿ, ಕಂದಾಗಿ, ಬಿರುಕುಬಿಟ್ಟು, ಬೆಂಡಿನಂತಾಗುತ್ತದೆ. ಕಾಯಿ ಸೊಟ್ಟಗಾಗುತ್ತದೆ, ಕಿರಿದಾಗುತ್ತದೆ, ಎಷ್ಟೋ ಹರಳು ಉದುರಿಯೇ ಹೋಗುತ್ತವೆ. ಉಳಿದ ಕಾಯಿಯ ಮಟ್ಟೆ ಗಟ್ಟಿ, ಸುಲಿಯುವ ಆಳು ಬೈದುಕೊಂಡೇ ಸುಲಿಯಬೇಕು. ನಾರೂ ಕೆಲಸಕ್ಕೆ ಬಾರದು.

ಮೊಟ್ಟೆಯಿಂದ ಮರಿ, ಮರಿಯಿಂದ ಮೊಟ್ಟೆಯಿಡುವ ಹೆಣ್ಣು, ಎಲ್ಲ ಹತ್ತು ದಿನದೊಳಗೆ. ರೆಕ್ಕೆಯಿಲ್ಲ. ಆದರೂ ದೇಶ ದಾಟುತ್ತದೆ. ಹಳೆಯ ಕಾಯಿ ಬಲಿಯುತ್ತಿದ್ದಂತೆ ನುಸಿಗಳು ತೊಟ್ಟಿನಿಂದ ಹೊರಬಂದು ಗಾಳಿಗೆ ಮೈಯೊಡ್ಡುತ್ತವೆ. ಕೋಟಿಯಲ್ಲಿ ಒಂದೆರಡು ಇನ್ನೊಂದು ಗೊನೆಗೆ ತಲುಪಿದರೂ ಸಾಕು.

1965ರಲ್ಲಿ ಅಮೆರಿಕದ ಎಚ್.ಎಚ್. ಕೈಫರ್ ಮೆಕ್ಸಿಕೊದ ಗೆರೆರೊ ಪ್ರಾಂತ್ಯದಿಂದ ಬಂದ ಮಾದರಿಯನ್ನು ನೋಡಿ ಇದಕ್ಕೆ ಹೆಸರಿಟ್ಟರು. ಕೆಲವೇ ವರ್ಷಗಳಲ್ಲಿ ಪಶ್ಚಿಮ ಆಫ್ರಿಕದಲ್ಲೂ ಕಂಡಿತು. ತಮಾಷೆ ಎಂದರೆ ಗೆರೆರೊಗೆ ತೆಂಗೇ ಪರದೇಶಿ. ಅಲ್ಲಿನ ಅಕಾಪುಲ್ಕೊ ಬಂದರಿಗೆ ಫಿಲಿಪ್ಪೀನ್ಸ್‌ನಿಂದ ಬರುತ್ತಿದ್ದ ಸ್ಪ್ಯಾನಿಷ್ ಹಡಗುಗಳ ಕಾಲದಲ್ಲಿ, 16ನೇ ಶತಮಾನದಲ್ಲಿ, ತೆಂಗು ಆ ಕರಾವಳಿಗೆ ಹೋದದ್ದು. ಅಮೆರಿಕದ ಯಾವುದೋ ಕಾಡು ತಾಳೆಜಾತಿಯ ಮರದ ಮೇಲೆ ತನ್ನ ಪಾಡಿಗೆ ಇದ್ದ ನುಸಿ, ಹೊಸದಾಗಿ ಬಂದ ತೆಂಗಿಗೆ ದಾಟಿತು ಎಂಬುದು ವಿಜ್ಞಾನಿಗಳ ತರ್ಕ. ಏಷ್ಯಾದ ತೆಂಗು ಅಮೆರಿಕಕ್ಕೆ ಹೋಗಿ, ನಾಲ್ಕು ಶತಮಾನದ ಮೇಲೆ ಅಮೆರಿಕದ ನುಸಿಯನ್ನು ಏಷ್ಯಾಕ್ಕೆ ಕರೆತಂದಂತಾಯಿತು. ನಾವು ಪಡೆದದ್ದಷ್ಟೇ ಅಲ್ಲ, ಕೊಟ್ಟದ್ದೂ ಉಂಟು. 1924ರಲ್ಲಿ ಕೊಯಮತ್ತೂರಿನ ತೆಂಗಿನ ಎಲೆಯಿಂದ ವಿವರಿಸಲಾದ ಕೆಂಪು ನುಸಿ ರಾವೊಯೆಲ್ಲ ಇಂಡಿಕ ನಮ್ಮಲ್ಲಿ ಅಷ್ಟೇನೂ ಸದ್ದು ಮಾಡದೆ ಇತ್ತು. 2004ರಲ್ಲಿ ಕೆರಿಬಿಯನ್ನಿನ ಮಾರ್ಟಿನಿಕ್ ದ್ವೀಪ ತಲುಪಿದ್ದೇ ತಡ, ಅಲ್ಲಿನ ತೆಂಗು ಬಾಳೆಗಳನ್ನು ಮುಕ್ಕತೊಡಗಿತು.

ಕೇರಳಕ್ಕೆ ಬಂದ ನುಸಿ ಗಡಿಯಲ್ಲಿ ನಿಲ್ಲುವುದುಂಟೆ? ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ. ಒಂದೆರಡು ವರ್ಷದಲ್ಲಿ ಮೈಸೂರು, ಮಂಡ್ಯ, ಹಾಸನ, ತುಮಕೂರು ಸೀಮೆಯ ತೋಟಗಳಿಗೆಲ್ಲ ನುಸಿ ಪೀಡೆ ಎಂಬ ಮಾತು ಮನೆಮಾತಾಯಿತು. ತಿಪಟೂರು, ಅರಸೀಕೆರೆಯವರ ಬದುಕು ಉಂಡೆ ಕೊಬ್ಬರಿಯ ಮೇಲೆ ನಿಂತದ್ದು. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ, ತಿಂಗಳುಗಟ್ಟಲೆ ಕಾದು, ಒಳಗಿನ ಗಿಟುಕು ಬಿಟ್ಟುಕೊಂಡ ಮೇಲೆ ಒಡೆಯುವ ತಾಳ್ಮೆಯ ಬೇಸಾಯ ಅದು. ಅಟ್ಟದ ಮೇಲೆ ಸೊಟ್ಟ ಕಾಯಿಗಳೇ ತುಂಬಿಕೊಂಡರೆ ಗಿಟುಕಿಗೆ ಗಾತ್ರವೆಲ್ಲಿ, ಬೆಲೆಯೆಲ್ಲಿ?

ಆಗ ನಡೆದ ಚಿಕಿತ್ಸೆಗಳನ್ನು ಕಂಡವರು ಮರೆತಿರಲಾರರು. ಐವತ್ತು ಅಡಿ ಮರದ ತುದಿಗೆ ಔಷಧಿ ಹೊಡೆಯುವವರು ಯಾರು? ಹಾಗಾಗಿ ಬೇರಿಗೆ ಕಟ್ಟುವ ಪದ್ಧತಿ ಬಂತು. ಬುಡದಿಂದ ಎರಡು ಮೂರಡಿ ದೂರದಲ್ಲಿ ಮಣ್ಣು ಕೆದಕಿ, ಪೆನ್ಸಿಲ್ ದಪ್ಪದ ಒಂದು ಎಳೆಯ ಬೇರು ಹುಡುಕಿ, ತುದಿಯನ್ನು ಓರೆಯಾಗಿ ಕೊಯ್ದು, ಔಷಧಿ ತುಂಬಿದ ಪ್ಲಾಸ್ಟಿಕ್ ಕವರಿನೊಳಗೆ ಇಳಿಸಿ ದಾರ ಬಿಗಿದು ಮಣ್ಣು ಮುಚ್ಚುವುದು. ಮೊದಮೊದಲು ಮೊನೊಕ್ರೊಟೊಫಾಸ್ ಎಂಬ ಉಗ್ರ ವಿಷ. ಆಮೇಲೆ ಬೇವಿನ ಸಾರ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಬೇವಿನ ಎಣ್ಣೆ, ಬೆಳ್ಳುಳ್ಳಿ, ಸಾಬೂನಿನ ಮಿಶ್ರಣವನ್ನು ಹೇಳಿಕೊಟ್ಟಿತು. ಬೆಂಗಳೂರಿನ ಜೈವಿಕ ನಿಯಂತ್ರಣ ನಿರ್ದೇಶನಾಲಯ ನುಸಿಗೆ ರೋಗ ತರುವ ಹಿರ್ಸುಟೆಲ್ಲ ಎಂಬ ಬೂಷ್ಟನ್ನು ಪುಡಿಯಾಗಿಸಿ ಕೊಟ್ಟಿತು. ಪೊಟ್ಯಾಷ್ ಹೆಚ್ಚು ಕೊಡಿ, ಉದುರಿದ ಹರಳು ಆರಿಸಿ ಸುಡಿ, ಹಸಿರೆಲೆ ಗೊಬ್ಬರ ಬೆಳೆಸಿ ಎಂಬ ಸಲಹೆಗಳೂ ಇದ್ದವು. ನುಸಿಯನ್ನು ಪೂರ್ತಿ ಓಡಿಸುವುದು ಯಾವುದರಿಂದಲೂ ಆಗಲಿಲ್ಲ.

ಕಾಯಿಗೆ ಬೆಲೆಯಿಲ್ಲದಾಗ ರೈತ ಕೇಳಿದ್ದು ಹೊಂಬಾಳೆಯ ರಸವಾದ ನೀರಾ ಇಳಿಸುವ ಅನುಮತಿ. ಹೊಂಬಾಳೆ ಬಿರಿಯುವ ಮುನ್ನವೇ ಅದರಿಂದ ರಸ ಇಳಿಸಿದರೆ ಕಾಯಿಯೂ ಇಲ್ಲ, ನುಸಿಗೆ ಮನೆಯೂ ಇಲ್ಲ. ಅಬಕಾರಿ ಕಾನೂನು ಅಡ್ಡ ನಿಂತಿತು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ನೀರಾ ಚಳವಳಿ ಗೋಲಿಬಾರಿನಲ್ಲಿ ಕೊನೆಗೊಂಡು ರೈತರು ಪ್ರಾಣ ಕಳೆದುಕೊಂಡರು. ಕಣ್ಣಿಗೆ ಕಾಣದ ಒಂದು ಜೀವಿ ಒಂದು ರಾಜ್ಯದ ರಾಜಕೀಯವನ್ನು ಹೀಗೆ ಅಲುಗಾಡಿಸಿದ ಇನ್ನೊಂದು ಪ್ರಸಂಗ ನನಗೆ ನೆನಪಾಗುತ್ತಿಲ್ಲ.

ಕೆಲವೇ ಕೆಲವು

ಅಪರೂಪದ ಮರದ ವಿಷಯ ಬಂದಾಗ ನಾವು ಸಾಮಾನ್ಯವಾಗಿ ಹೇಳುವ ಮಾತು, ‘ಉಳಿದಿರುವುದು ಕೆಲವೇ, ಆದ್ದರಿಂದ ಅಳಿಯುತ್ತದೆ’. ನುಸಿ ಈ ಮಾತನ್ನು ಒಪ್ಪುವುದಿಲ್ಲ. ಬ್ರೆಜಿಲ್‌ನ ಡೆನಿಸ್ ನಾವಿಯ ಮತ್ತು ಸಂಗಡಿಗರು 2005ರಲ್ಲಿ ಬೇರೆ ಬೇರೆ ಖಂಡಗಳ ತೆಂಗಿನ ನುಸಿಗಳ ಡಿಎನ್ಎ ಹೋಲಿಸಿ ನೋಡಿದರು. ಅಮೆರಿಕ ಖಂಡದ ನುಸಿಗಳಲ್ಲಿ ವೈವಿಧ್ಯ ಹೆಚ್ಚು. ಆಫ್ರಿಕ ಮತ್ತು ಏಷ್ಯಾದ ನುಸಿಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಎಂದರೆ ಸಮುದ್ರ ದಾಟಿ ಬಂದದ್ದು ಬೆರಳೆಣಿಕೆಯ ಮೂಲ. ತಿಪಟೂರಿನ ಅಟ್ಟದಿಂದ ಶ್ರೀಲಂಕೆಯ ಕಲ್ಪಿಟಿಯವರೆಗೆ ಗೊನೆಗಳನ್ನು ಕೆಡಿಸಿದ ಅಷ್ಟೂ ನುಸಿ ಆ ಕೆಲವರ ಸಂತಾನ.

ಹಾಗಾದರೆ ಕೆಲವರಿಂದ ಶುರುವಾದ ನುಸಿ ಖಂಡ ಗೆದ್ದಿತು, ಕೆಲವೇ ಉಳಿದ ಮರ ಏಕೆ ಸೋಲುತ್ತಿದೆ? ಒಂದು ಕಾರಣ ಕಾಲ. 1998ರಿಂದ ಇಲ್ಲಿಯವರೆಗೆ ನುಸಿ ನಮ್ಮ ತೋಟಗಳಲ್ಲಿ ಸಾವಿರದ ಹತ್ತಿರ ತಲೆಮಾರು ಕಂಡಿದೆ. ಅಷ್ಟೇ ಅವಧಿಯಲ್ಲಿ ಕತ್ತಲೆಕಾನಿನ ಒಂದು ಸಸಿ ಹೂ ಬಿಡುವ ವಯಸ್ಸಿಗೆ ಬಂದರೆ ಪುಣ್ಯ. ಇನ್ನೊಂದು ಕಾರಣ ಸಂತಾನದ ಕ್ರಮ. ನುಸಿಯ ಜಾತಿಯಲ್ಲಿ ಒಂಟಿ ಹೆಣ್ಣೊಂದು ಹೊಸ ಕಾಯಿಗೆ ಬಂದಿಳಿದರೂ ವಂಶ ನಿಲ್ಲುವುದಿಲ್ಲ. ಕೂಡದೆಯೇ ಇಟ್ಟ ಮೊಟ್ಟೆಗಳಿಂದ ಗಂಡು ಹುಟ್ಟುತ್ತವೆ. ಜಡ್ಡಿಯ ಒಂಟಿ ಹೆಣ್ಣು ಮರಕ್ಕೆ ಆ ಭಾಗ್ಯವಿಲ್ಲ, ಅದು ಬರೀ ಕಾಯುತ್ತದೆ.

ಇವೆರಡಕ್ಕಿಂತ ದೊಡ್ಡ ಕಾರಣ ನಾವೇ. ಮರದ ಒದ್ದೆ ತಗ್ಗುಗಳನ್ನು ತುಂಡು ತುಂಡು ಮಾಡಿದೆವು. ಒಂದು ಜಡ್ಡಿಯಿಂದ ಇನ್ನೊಂದಕ್ಕೆ ನಡುವೆ ತೋಟ, ರಸ್ತೆ, ನೆಡುತೋಪು. ನುಸಿಗೆ ಮಾತ್ರ ಉಲ್ಟಾ ಸತ್ಕಾರ. ಕರ್ನಾಟಕವೊಂದರಲ್ಲೇ ಐದು ಲಕ್ಷ ಹೆಕ್ಟೇರಿಗೂ ಮಿಗಿಲು ತೆಂಗು, ಒಂದೇ ಜಾತಿಯ ಮರ, ವರ್ಷದ ಹನ್ನೆರಡು ತಿಂಗಳೂ ಯಾವುದೋ ಒಂದು ಗೊನೆಯಲ್ಲಿ ಎಳೆಯ ಹರಳು. ಗರಿಗೆ ಗರಿ ತಾಗುವ ಹಾಗೆ ನೆಟ್ಟ ತೋಟ, ತೋಟಕ್ಕೆ ತಾಗಿ ತೋಟ. ಅಷ್ಟು ಸಣ್ಣ ಜಾಗಕ್ಕೆ ಅಂಟಿಕೊಂಡ ಜೀವಿಗೂ ಅಲ್ಲಿಂದ ಬೇರೆ ಕಡೆ ಹೋಗಲು ಎಲ್ಲೂ ತಡೆಯಿಲ್ಲ. ಅದೇ ನುಸಿಯನ್ನು ಜಡ್ಡಿಯ ನಡುವೆ ತಂದು ಬಿಟ್ಟರೆ ಉಪವಾಸ ಸಾಯುತ್ತದೆ. ಅಲ್ಲಿ ಪ್ರತಿ ನಾಲ್ಕು ಹೆಜ್ಜೆಗೆ ಮರದ ಜಾತಿ ಬದಲಾಗುತ್ತದೆ.

ಹೀಗೆ ಹೇಳಿದ ಕೂಡಲೇ ಕೃಷಿಯವರಿಗೆ ಬೇಸರವಾಗುತ್ತದೆ. ಕಾಡು ಮಾಡಿಕೊಂಡು ಕೊಬ್ಬರಿ ಬೆಳೆಯಲಾಗುತ್ತದೆಯೇ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ನುಸಿಯ ಅಬ್ಬರ ಇಳಿದದ್ದು ಹೇಗೆ ಎಂಬುದನ್ನೂ ಅವರು ನೆನೆಯಬೇಕು. ಮೊದಲ ಕೆಲವು ವರ್ಷದ ರೌದ್ರ ಈಗ ಇಲ್ಲ. ನಿಯೋಸಿಯುಲಸ್ ಬರಾಕಿ ಎಂಬ ಚಪ್ಪಟೆ ಮೈಯ ಬೇಟೆಗಾರ ನುಸಿ ತೊಟ್ಟಿನ ಸಂದಿಗೂ ನುಗ್ಗಿ ಇದನ್ನು ತಿನ್ನುತ್ತದೆ, ಬೂಷ್ಟೂ ತನ್ನ ಕೆಲಸ ಮಾಡುತ್ತದೆ. ವಿಷ ಸುರಿದ ತೋಟದಲ್ಲಿ ಮೊದಲು ಸಾಯುವುದು ಈ ಬೇಟೆಗಾರರೇ. 2016ರಲ್ಲಿ ಪೊಳ್ಳಾಚಿಯ ಕಡೆಯಿಂದ ಸುರುಳಿ ಬಿಳಿನೊಣ ಬಂದಾಗಲೂ ಇದೇ ಕಥೆ: ಹೊಸ ಅತಿಥಿ, ಅದೇ ಔತಣ.

ಕೇಳುವವರಿಲ್ಲದ ನುಸಿಗಳು

ನುಸಿ ಎಂದರೆ ಪೀಡೆ ಎಂದುಕೊಂಡವರು ಜಿ.ಪಿ. ಚನ್ನಬಸವಣ್ಣನವರ ಹೆಸರು ಕೇಳಿರಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಈ ಕನ್ನಡಿಗರು 1966ರಲ್ಲಿ ಭಾರತದ ಎರಿಯೊಫಿಡ್ ನುಸಿಗಳ ಮೇಲೆ ಒಂದು ಗ್ರಂಥವನ್ನೇ ಬರೆದರು. ತೆಂಗಿನ ನುಸಿಯೂ ಇದೇ ಬಳಗದ್ದು. ಅದಕ್ಕೆ ಹೆಸರು ಬಿದ್ದದ್ದು ಹಿಂದಿನ ವರ್ಷವಷ್ಟೆ. 1986ರಲ್ಲಿ ಜಗತ್ತಿನ ನುಸಿತಜ್ಞರ ಸಮ್ಮೇಳನ ಬೆಂಗಳೂರಿನಲ್ಲಿ ನಡೆಯಿತು. ಬೆಳೆ ನುಸಿಗಳ ಮೇಲಿನ ಅಖಿಲ ಭಾರತ ಯೋಜನೆಯ ಕೇಂದ್ರವೂ ಇದೇ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೇ ನೆಲೆಗೊಂಡಿತು. ನುಸಿ ವಿಜ್ಞಾನದಲ್ಲಿ ನಮ್ಮ ಊರು ಹಿಂದುಳಿದದ್ದಲ್ಲ ಎಂದು ಹೇಳಲಿಕ್ಕೆ ಇಷ್ಟು ಸಾಕು.

ಈ ಬಳಗದ ನುಸಿಗಳ ಒಂದು ಗುಣ ನನ್ನ ಹೋಲಿಕೆಯನ್ನೇ ತಲೆಕೆಳಗು ಮಾಡುತ್ತದೆ. ದಾಖಲಾಗಿರುವ ಎರಿಯೊಫಿಡ್ ನುಸಿಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಒಂದೇ ಒಂದು ಜಾತಿಯ ಸಸ್ಯದ ಮೇಲೆ ಸಿಕ್ಕಿರುವಂಥವು. ಬೇರೆ ಎಲೆ ಅವಕ್ಕೆ ಒಗ್ಗದು. ಹೆಚ್ಚಿನವು ಆ ಗಿಡಕ್ಕೆ ಹೇಳಿಕೊಳ್ಳುವಂಥ ಕೆಡುಕನ್ನೂ ಮಾಡುವುದಿಲ್ಲ. ಹಾಗಿರುವಾಗ ಮರವೊಂದು ಕಾಡಿನಿಂದ ಹೋದರೆ ಅದನ್ನೇ ನಂಬಿದ ನುಸಿಗೂ ನೆಲೆ ತಪ್ಪಿತು. ಅಳಿವಿನ ಪಟ್ಟಿಯಲ್ಲಿ ಮರದ ಹೆಸರಿರುತ್ತದೆ, ಅದರ ಜತೆ ಹೋಗುವ ನುಸಿಗಳ ಹೆಸರು ಇರುವುದಿಲ್ಲ. ಹುಲಿಗೆ, ಸಿಂಗಳೀಕಕ್ಕೆ ಅಭಯಾರಣ್ಯ ಬೇಕು ಎಂದರೆ ಜನ ತಲೆದೂಗುತ್ತಾರೆ. ಕಾಡುಮರದ ನುಸಿ ಉಳಿಸಿ ಎಂದರೆ ನಗುತ್ತಾರೆ. ನಗಲಿ, ತೊಂದರೆಯಿಲ್ಲ. ಮರ ಉಳಿದರೆ ಅದೂ ಉಳಿಯುತ್ತದೆ.

ಸಿಂಗಳೀಕದ ನೆಪದಲ್ಲಿ ಜಡ್ಡಿಗಳಿಗೂ ಸ್ವಲ್ಪ ರಕ್ಷಣೆ ಸಿಕ್ಕಿದ್ದು ನಿಜ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವಾಯಿತು, 2019ರಲ್ಲಿ ಅದು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ಭಾಗವಾಯಿತು. ಅದೇ ಕಣಿವೆಯಲ್ಲಿ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ಬರಬೇಕೆಂದು ಸರ್ಕಾರವೇ ಹಟ ಹಿಡಿದಿರುವುದೂ ಅಷ್ಟೇ ನಿಜ.

ಸಮಾಧಾನದ ಕೆಲಸವೂ ನಡೆದಿದೆ. ಶಿರಸಿ ಅರಣ್ಯ ಕಾಲೇಜಿನ ಆರ್. ವಾಸುದೇವ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಕಾದಂಬರಿಕಾರರಾಗಿಯೂ ನಮಗೆಲ್ಲ ಪರಿಚಿತರಾದ ಕೆ.ಎನ್. ಗಣೇಶಯ್ಯ ಮೊದಲಾದವರು ಕತ್ತಲೆಕಾನಿನ ಸೆಮೆಕಾರ್ಪಸ್ ಹೇಗೆ ಹೂ ಬಿಡುತ್ತದೆ, ಎಲ್ಲಿ ಎಷ್ಟಿದೆ ಎಂದು ಆರಂಭದಲ್ಲೇ ಅಧ್ಯಯನ ಮಾಡಿದರು. ಶಿರಸಿಯಲ್ಲಿ ಜಡ್ಡಿ ಮರಗಳ ಸಸಿ ಬೆಳೆಸಿ ಮತ್ತೆ ಜಡ್ಡಿಗೇ ನೆಡುವ ಪ್ರಯತ್ನಗಳಾದವು. ನೆಟ್ಟರೆ ಮುಗಿಯಲಿಲ್ಲ, ನೀರು ನಿಲ್ಲಬೇಕು. ಆ ನೀರು ಊರಿನವರ ಕೈಯಲ್ಲಿದೆ, ಕಾಲೇಜಿನ ಕೈಯಲ್ಲಿಲ್ಲ. ಜಡ್ಡಿ ಉಳಿದ ಕಡೆ ಕೆಳಗಿನ ಹಳ್ಳ ಬೇಸಿಗೆಯಲ್ಲೂ ಹರಿಯುತ್ತದೆ, ತೋಟಕ್ಕೆ ನೀರು ಸಿಗುತ್ತದೆ ಎಂಬುದು ಸಿದ್ದಾಪುರ, ಶಿರಸಿ, ಹೊನ್ನಾವರ ಘಟ್ಟದ ತೋಟಿಗರಿಗೆ ನಾನು ಹೇಳಿಕೊಡಬೇಕಾದ ಸಂಗತಿಯಲ್ಲ.

ಆದ್ದರಿಂದ ಒಂದು ಕೋರಿಕೆ. ನಿಮ್ಮ ತೋಟದ ಮೇಲಿನ ಬೆಟ್ಟದಲ್ಲಿ ಬೇಸಿಗೆಯಲ್ಲೂ ಆರದ ತಗ್ಗು ಇದ್ದು, ಅಲ್ಲಿ ನೆಲದಿಂದ ಬಾಗಿ ಎದ್ದ ಬೇರುಗಳು ಕಂಡರೆ ಬಸಿಗಾಲುವೆ ತೋಡಬೇಡಿ, ಜೆಸಿಬಿ ಇಳಿಸಬೇಡಿ. ಅಲ್ಲಿ ಕಾಯಿ ಬಿದ್ದಿದ್ದರೆ ಬೀಜ ಒಣಗುವ ಮೊದಲೇ ಶಿರಸಿಯ ಅರಣ್ಯ ಕಾಲೇಜಿಗೆ ಸುದ್ದಿ ಮುಟ್ಟಿಸಿ.